ವಿದ್ಯುತ್ ಕಾರಿನ ಬ್ಯಾಟರಿಯೂ ದೂರದ ತಿದ್ದುಪಡಿಯೂ

2019ರ ಮೇ ತಿಂಗಳಿನ ನಡುಭಾಗದಲ್ಲಿ ಟೆಸ್ಲಾ ಕಂಪನಿಯು ತನ್ನ ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ಎಂಬ ಕಾರುಗಳಿಗೆ, ಒಡೆಯನು ಕಾರ್ಯಾಗಾರದ ಮೆಟ್ಟಿಲು ಹತ್ತುವ ಪ್ರಮೇಯವೇ ಇಲ್ಲದಂತೆ, ಅಂತರ್ಜಾಲದ ಮೂಲಕ ಒಂದು ಸಾಫ್ಟ್‌ವೇರ್ ಅಪ್‌ಡೇಟನ್ನು ರವಾನಿಸಿತು. ಅದಾದ ಕೆಲವು ದಿವಸಗಳೊಳಗೆ ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಹಳೆಯ ಕಾರುಗಳ ಒಡೆಯರಲ್ಲಿ ಹಲವರು, ಪೂರ್ಣ ಚಾರ್ಜಿಗೆ ಮೊದಲು ತೋರುತ್ತಿದ್ದ ದೂರಕ್ಕಿಂತ ಮೂವತ್ತು ನಲವತ್ತು ಮೈಲಿಗಳಷ್ಟು ಕಡಮೆಯಾದ ಅಂಕಿಯನ್ನು ಫಲಕದ ಮೇಲೆ ಕಂಡರು. ಹೆದ್ದಾರಿಯ ಬದಿಯ ಫಾಸ್ಟ್ ಚಾರ್ಜಿಂಗ್ ನಿಲ್ದಾಣದಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ಕಾಯಬೇಕಾಗಿ ಬಂದಿತು. ಓಡದೆ ನಿಂತ ಕಾರಿನೊಳಗಿಂದ ಪಂಪು ಫ್ಯಾನುಗಳ ಸದ್ದು ಗಂಟೆಗಟ್ಟಲೆ ಕೇಳಿಬರತೊಡಗಿತು. ಬ್ಯಾಟರಿ ಹಳತಾದಂತೆ ಅದರ ಶಕ್ತಿ ಕುಂದುವುದು ಸಹಜವೆಂಬುದನ್ನು ಈ ಜನ ಅರಿಯದವರೇನೂ ಆಗಿರಲಿಲ್ಲ. ಆದರೆ ವರ್ಷಗಳ ಮೇಲೆ ಇಷ್ಟಿಷ್ಟಾಗಿ ಆಗಬೇಕಾದ ಕ್ಷಯವು ಒಂದೇ ರಾತ್ರಿಯಲ್ಲಿ ಆದದ್ದನ್ನು ಮುಪ್ಪು ಎಂದು ನಂಬುವುದು ಅವರಿಗೆ ಸಾಧ್ಯವಾಗಲಿಲ್ಲ. ಹಣ ತೆತ್ತು ಕೊಂಡ ವಸ್ತುವಿನ ಗುಣವನ್ನು ಮಾರಿದವನು ದೂರದಲ್ಲಿ ಕುಳಿತು ಕುಗ್ಗಿಸಬಹುದೆ, ಕುಗ್ಗಿಸಲೇಬೇಕಾದ ಸಂದರ್ಭ ಒದಗಿದರೆ ಅದನ್ನು ಯಾವ ಕ್ರಮದಲ್ಲಿ, ಯಾರಿಗೆ ತಿಳಿಸಿ, ಯಾರ ವೆಚ್ಚದಲ್ಲಿ ಮಾಡತಕ್ಕದ್ದು ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೆ ಹಲವು ದೇಶಗಳಲ್ಲಿ, ಹಲವು ಕಂಪನಿಗಳ ವಿಷಯದಲ್ಲಿ, ಮತ್ತೆ ಮತ್ತೆ ಎದ್ದಿದೆ. ಆ ಪ್ರಶ್ನೆಯನ್ನು ಸಮಗ್ರವಾಗಿ ಒಮ್ಮೆ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇದರ ಇತ್ಯರ್ಥಕ್ಕೆ ಮೊದಲು ಬ್ಯಾಟರಿಯ ಸ್ವಭಾವವನ್ನು ಸ್ವಲ್ಪಮಟ್ಟಿಗೆ ತಿಳಿಯುವುದು ಅವಶ್ಯ. ಲಿಥಿಯಂ-ಅಯಾನ್ ಕೋಶದಲ್ಲಿ ಎರಡು ಧ್ರುವಗಳಿರುತ್ತವೆ. ಒಂದು ಲೋಹದ ಆಕ್ಸೈಡಿನದು, ಇನ್ನೊಂದು ಸಾಮಾನ್ಯವಾಗಿ ಗ್ರಾಫೈಟಿನದು. ಇವೆರಡರ ನಡುವೆ ಒಂದು ತೆಳುವಾದ ಪೊರೆಯುಂಟು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಪೊರೆಯನ್ನು ದಾಟಿ ಗ್ರಾಫೈಟಿನ ಪದರಗಳೊಳಗೆ ಹೋಗಿ ನೆಲೆಸುತ್ತವೆ. ಕಾರು ಓಡುವಾಗ ಹಿಂದಿರುಗುತ್ತವೆ. ಈ ವಿದ್ಯೆಯನ್ನು ಸಾಧಿಸಿಕೊಟ್ಟ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೋ ಎಂಬ ಮೂವರಿಗೆ ನೊಬೆಲ್ ಪಾರಿತೋಷಕ ದೊರೆತದ್ದು, ಕಾಕತಾಳೀಯವಾಗಿ, ಇದೇ 2019ರಲ್ಲಿ. ಅಯಾನುಗಳು ಗ್ರಾಫೈಟಿನೊಳಗೆ ತುಂಬುತ್ತ ಬಂದಂತೆ ಕೋಶದ ವೋಲ್ಟೇಜ್ ಏರುತ್ತದೆ. ಟೆಸ್ಲಾ ಬಳಸಿದ ಜಾತಿಯ ಕೋಶಗಳಿಗೆ 4.2 ವೋಲ್ಟು ಸಾಮಾನ್ಯವಾದ ಮೇಲ್ಮಿತಿ. ಆ ಮಿತಿಯ ಸಮೀಪದಲ್ಲಿ ಕೋಶವು ಹೆಚ್ಚು ಶಕ್ತಿಯನ್ನು ಹಿಡಿದಿರುತ್ತದೆ, ಹೆಚ್ಚು ಅಸ್ಥಿರವಾಗಿಯೂ ಇರುತ್ತದೆ. ಬಹಳ ವೇಗವಾಗಿ ಚಾರ್ಜ್ ಮಾಡಿದಾಗ, ಅದರಲ್ಲಿಯೂ ಕೋಶ ತಣ್ಣಗಿರುವಾಗ ಅಥವಾ ಹಳತಾದಾಗ, ಅಯಾನುಗಳಿಗೆ ಒಳಗೆ ನೆಲೆಸಲು ಅವಕಾಶ ಸಾಲದೆ ಲಿಥಿಯಂ ಲೋಹವು ಗ್ರಾಫೈಟಿನ ಮೇಲ್ಮೈಯಲ್ಲಿಯೇ ಕೂಡುತ್ತದೆ. ಹಾಗೆ ಕೂಡಿದ ಲೋಹ ಸೂಜಿಯಂತೆ ಬೆಳೆದು ಪೊರೆಯನ್ನು ಚುಚ್ಚಿತೆಂದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿಗೆ ಎಡೆಯಾಗುತ್ತದೆ. ಆದುದರಿಂದ ಬ್ಯಾಟರಿಯನ್ನು ಎಷ್ಟರವರೆಗೆ ತುಂಬಬೇಕು, ಎಷ್ಟು ವೇಗವಾಗಿ ತುಂಬಬೇಕು ಎಂಬೆರಡು ನಿರ್ಣಯಗಳು ಕಾರಿನ ರೇಂಜಿಗೂ ಕಾರಿನ ಕ್ಷೇಮಕ್ಕೂ ಏಕಕಾಲದಲ್ಲಿ ಮೂಲವಾಗಿವೆ. ಈ ಎರಡು ನಿರ್ಣಯಗಳನ್ನೂ ಮಾಡುವುದು ಬ್ಯಾಟರಿಯನ್ನು ನೋಡಿಕೊಳ್ಳುವ ಸಾಫ್ಟ್‌ವೇರು.

ನಮ್ಮ ಸೀಮೆಯ ಕೆರೆಗಳನ್ನು ಬಲ್ಲವರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಏರಿ ಶಿಥಿಲವಾಗಿದೆಯೆಂಬ ಅನುಮಾನ ಬಂದಾಗ ಕೋಡಿಯನ್ನು ಒಂದು ಮೊಳ ತಗ್ಗಿಸಿದರೆ ಏರಿ ಉಳಿಯುತ್ತದೆ, ಊರೂ ಉಳಿಯುತ್ತದೆ. ಆದರೆ ಕೆರೆಯು ಮೇಲ್ಗಡೆ ಅಗಲವಾಗಿರುವುದರಿಂದ ಆ ಒಂದು ಮೊಳದಲ್ಲಿಯೇ ಬಹು ದೊಡ್ಡ ಪಾಲಿನ ನೀರು ಹೋಗುತ್ತದೆ, ಅಚ್ಚುಕಟ್ಟಿನ ಕೊನೆಯ ಗದ್ದೆಗಳು ಒಣಗುತ್ತವೆ. ಬ್ಯಾಟರಿಯಲ್ಲಿ ಮೇಲ್ಮಿತಿಯನ್ನು ಕೋಶವೊಂದಕ್ಕೆ ಹತ್ತನೆಯ ಒಂದು ವೋಲ್ಟಿನಷ್ಟು ಇಳಿಸಿದರೆ ಸಾಮಾನ್ಯವಾಗಿ ಒಟ್ಟು ಸಾಮರ್ಥ್ಯದ ಹತ್ತನೆಯ ಒಂದರಷ್ಟು ಪಾಲು ಬಳಕೆಗೆ ಸಿಕ್ಕದೆ ಹೋಗುತ್ತದೆ. ಫಲಕ ಮಾತ್ರ ಆಗಲೂ ‘ನೂರಕ್ಕೆ ನೂರು’ ಎಂದೇ ತೋರಿಸುತ್ತದೆ, ಏಕೆಂದರೆ ಯಾವುದನ್ನು ನೂರು ಎನ್ನಬೇಕೆಂಬುದನ್ನು ಗೊತ್ತುಮಾಡುವುದೂ ಅದೇ ಸಾಫ್ಟ್‌ವೇರು.

ಇನ್ನು ಉಷ್ಣದ ವಿಷಯ. ಮಾಡೆಲ್ ಎಸ್ 85 ಕಾರಿನ ನೆಲದಡಿಯಲ್ಲಿರುವ ಬ್ಯಾಟರಿಯ ಪೆಟ್ಟಿಗೆಯನ್ನು ತೆರೆದು ನೋಡಿದರೆ, ಕೈಬೆರಳಿನ ಗಾತ್ರದ 7,104 ಕೋಶಗಳು 16 ಮಾಡ್ಯೂಲುಗಳಲ್ಲಿ, ಒಂದೊಂದರಲ್ಲಿ 444ರಂತೆ, ಸಾಲುಸಾಲಾಗಿ ನಿಂತಿರುತ್ತವೆ. ಸಾಲುಗಳ ನಡುವೆ ಅಲ್ಯೂಮಿನಿಯಮ್ಮಿನ ಚಪ್ಪಟೆಯಾದ ಕೊಳವೆಯೊಂದು ನಾಗಮುರಿಯಾಗಿ ಹಾಯ್ದು ಪ್ರತಿಯೊಂದು ಕೋಶದ ಪಕ್ಕವನ್ನು ತಾಕುತ್ತದೆ. ಆ ಕೊಳವೆಯಲ್ಲಿ ಗ್ಲೈಕಾಲ್ ಬೆರೆತ ನೀರು ಹರಿಯುತ್ತದೆ. ಬಿಸಿಯಾದ ನೀರು ಮುಂಭಾಗದ ರೇಡಿಯೇಟರಿಗೂ, ಸೆಕೆ ಹೆಚ್ಚಾದಾಗ ಹವಾನಿಯಂತ್ರಣದ ಕಂಪ್ರೆಸರಿಗೆ ಸೇರಿದ ಶೀತಕಕ್ಕೂ ಹೋಗಿ ತಣಿದು ಮರಳುತ್ತದೆ. ಎಷ್ಟು ಡಿಗ್ರಿಗೆ ಪಂಪು ತಿರುಗಬೇಕು, ಫ್ಯಾನು ಯಾವಾಗ ಓಡಬೇಕು, ಕಾರು ನಿಂತಿರುವಾಗಲೂ ತಣಿಸಬೇಕೇ ಬೇಡವೇ ಎಂಬುದೆಲ್ಲ ಯಂತ್ರದಲ್ಲಿ ಅಚ್ಚೊತ್ತಿದ ಗುಣವಾಗಿರದೆ, ಬರೆದು ಅಳಿಸಬಹುದಾದ ಆಜ್ಞೆಗಳಾಗಿವೆ. ಈ ಪಂಪು, ಫ್ಯಾನು, ಕಂಪ್ರೆಸರುಗಳಿಗೆ ಬೇಕಾದ ವಿದ್ಯುತ್ತು ಬರಬೇಕಾದದ್ದಾದರೂ ಎಲ್ಲಿಂದ? ಅದೇ ಬ್ಯಾಟರಿಯಿಂದ. ಹೆಚ್ಚು ತಣಿಸಿರೆಂದು ಆಜ್ಞೆಯಾದರೆ ಕೋಶಗಳ ಆಯುಷ್ಯಕ್ಕೆ ಹಿತ, ಇಂದಿನ ಪ್ರಯಾಣಕ್ಕೆ ನಷ್ಟ. ಕಡಮೆ ತಣಿಸಿರೆಂದು ಆಜ್ಞೆಯಾದರೆ ಇಂದಿಗೆ ಲಾಭ, ಐದಾರು ವರ್ಷಗಳ ಮೇಲೆ ಹಾನಿ. ಹೀಗಾಗಿ ತಂಪಿನ ವಿಷಯದಲ್ಲಿ ಮಾಡಿದ ಯಾವ ತಿದ್ದುಪಡಿಯೂ ಒಡೆಯನ ಪಾಲಿಗೆ ನಿರ್ಲಿಪ್ತವಾಗಿರಲಾರದು.

2019ರ ತಿದ್ದುಪಡಿಗೆ ಹಿನ್ನೆಲೆಯಾಗಿ ಎರಡು ಬೆಂಕಿಗಳಿದ್ದುವು. ಆ ವರ್ಷದ ಏಪ್ರಿಲಿನಲ್ಲಿ ಷಾಂಘೈ ನಗರದ ನೆಲಮಾಳಿಗೆಯೊಂದರಲ್ಲಿ ನಿಂತಿದ್ದ ಮಾಡೆಲ್ ಎಸ್ ಕಾರಿನ ಅಡಿಯಿಂದ ಮೊದಲು ಹೊಗೆ, ಕ್ಷಣಮಾತ್ರದಲ್ಲಿ ಜ್ವಾಲೆ ಎದ್ದ ದೃಶ್ಯವನ್ನು ಲೋಕವೆಲ್ಲ ಕಂಡಿತು. ಮೇ ತಿಂಗಳಿನಲ್ಲಿ ಹಾಂಗ್‌ಕಾಂಗಿನಲ್ಲಿ ನಿಂತಿದ್ದ ಇನ್ನೊಂದು ಕಾರು ಉರಿಯಿತು. ಟೆಸ್ಲಾ ತನ್ನ ಅಪ್‌ಡೇಟಿನ ಉದ್ದೇಶವನ್ನು, ಅತ್ಯಂತ ಎಚ್ಚರಿಕೆಯ ದೃಷ್ಟಿಯಿಂದ ಚಾರ್ಜಿನ ಮತ್ತು ಉಷ್ಣನಿಯಂತ್ರಣದ ವ್ಯವಸ್ಥೆಗಳನ್ನು ಪರಿಷ್ಕರಿಸುತ್ತಿರುವುದಾಗಿ ವಿವರಿಸಿತು. ಆದರೆ ಯಾರ ಕಾರಿನಲ್ಲಿ ಎಷ್ಟು ವೋಲ್ಟು ಇಳಿದಿದೆ, ಏಕೆ ಆ ಕಾರಿಗೇ ಇಳಿದಿದೆ, ಮತ್ತೆ ಏರುವುದುಂಟೆ ಎಂಬ ಪ್ರಶ್ನೆಗಳೊಡನೆ ಸೇವಾಕೇಂದ್ರಕ್ಕೆ ಹೋದವರಲ್ಲಿ ಅನೇಕರು, ಬ್ಯಾಟರಿಯ ಸ್ಥಿತಿ ಸಹಜವಾಗಿಯೇ ಇದೆ ಎಂಬ ಉತ್ತರವನ್ನು ಪಡೆದು ಹಿಂದಿರುಗಿದರು. ಕೊನೆಗೆ ಕೆಲವರು ಕಾರಿನೊಳಗಿನ ಸಂಕೇತಗಳನ್ನು ಓದುವ ಸಾಧನಗಳನ್ನು ತಾವೇ ಜೋಡಿಸಿ, ಮೊದಲು 4.2 ವೋಲ್ಟಿನವರೆಗೆ ಏರುತ್ತಿದ್ದ ಕೋಶಗಳು ಈಗ ಅದಕ್ಕಿಂತ ಕೆಳಗೆ ನಿಲ್ಲುತ್ತಿವೆಯೆಂದು ಅಳೆದು ತೋರಿಸಿದರು. ಈ ಪ್ರಕರಣದಲ್ಲಿ ನನ್ನ ಮನಸ್ಸನ್ನು ಬಹಳವಾಗಿ ತಾಕಿದ ಅಂಶ ಇದು. ಸತ್ಯ ಹೊರಬರಲು ಗ್ರಾಹಕನು ತಾನೇ ಪರೀಕ್ಷಕನಾಗಬೇಕಾಯಿತು.

2019ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯದಲ್ಲಿ ಸಾಮೂಹಿಕ ದಾವೆಯೊಂದು ಹೂಡಲ್ಪಟ್ಟಿತು. 2021ರ ಜುಲೈನಲ್ಲಿ ಅದು 15 ಲಕ್ಷ ಡಾಲರುಗಳ ರಾಜಿಯಲ್ಲಿ ಪರ್ಯವಸಾನ ಹೊಂದಿತು. ಅಮೆರಿಕದಲ್ಲಿ 1,743 ಕಾರುಗಳು ವೋಲ್ಟೇಜಿನ ಇಳಿತಕ್ಕೆ ಒಳಗಾಗಿದ್ದುವೆಂದೂ, ಇಳಿತವು ಮೊದಲ ಮೂರು ತಿಂಗಳು ಸುಮಾರು ಶೇಕಡ 10ರಷ್ಟು, ಅನಂತರ ಏಳು ತಿಂಗಳು ಸುಮಾರು ಶೇಕಡ 7ರಷ್ಟು ಇದ್ದಿತೆಂದೂ, 2020ರ ಮಾರ್ಚಿನಲ್ಲಿ ಬಂದ ಇನ್ನೊಂದು ಅಪ್‌ಡೇಟಿನಿಂದ ಅದು ಸರಿಯಾಗತೊಡಗಿತೆಂದೂ ಆ ದಾವೆಯ ಕಡತಗಳಿಂದ ಗೊತ್ತಾಗುತ್ತದೆ. 1,552 ಕಾರುಗಳಿಗೆ ಪೂರ್ಣ ವೋಲ್ಟೇಜ್ ಮರಳಿತು. 57 ಕಾರುಗಳ ಬ್ಯಾಟರಿಯನ್ನೇ ಬದಲಿಸಿಕೊಟ್ಟರು. ಒಡೆಯನೊಬ್ಬನ ಕೈಸೇರಿದ್ದು 625 ಡಾಲರು. ಅತ್ತ ನಾರ್ವೆಯಲ್ಲಿ, ಹೊಸ ಕಾರುಗಳಲ್ಲಿ ಬಹುಪಾಲು ವಿದ್ಯುತ್ತಿನವೇ ಆಗಿರುವ ಆ ದೇಶದಲ್ಲಿ, 2013ರಿಂದ 2015ರವರೆಗಿನ ಮಾಡೆಲ್ ಎಸ್ ಕಾರುಗಳ 30 ಒಡೆಯರು ದೂರನ್ನು ಸಂಧಾನ ಮಂಡಳಿಯ ಮುಂದಿಟ್ಟರು. ಕಂಪನಿಯು ಉತ್ತರ ಕೊಡದೆ ಇದ್ದ ಕಾರಣ 2021ರಲ್ಲಿ ಮಂಡಳಿಯು ತಲಾ 1,36,000 ಕ್ರೋನರ್ ಪರಿಹಾರ ಕೊಡತಕ್ಕದ್ದೆಂದು ವಿಧಿಸಿತು. ಅದು ಸಾಕ್ಷ್ಯ ವಿಚಾರಣೆಯಿಂದ ಬಂದ ಅಂತಿಮ ನ್ಯಾಯನಿರ್ಣಯವಲ್ಲವೆಂಬುದು ನಿಜ. ತಥಾಪಿ ಒಂದೇ ಬಗೆಯ ನಷ್ಟಕ್ಕೆ ಒಂದು ದೇಶದಲ್ಲಿ ಕಟ್ಟಿದ ಬೆಲೆಗೂ ಇನ್ನೊಂದು ದೇಶದಲ್ಲಿ ಕಟ್ಟಿದ ಬೆಲೆಗೂ ಇಷ್ಟೊಂದು ಅಂತರ ಬಿದ್ದಿರುವುದನ್ನು ನೋಡಿದರೆ, ಈ ನಷ್ಟವನ್ನು ಅಳೆಯುವ ಮಾನದಂಡವೇ ಲೋಕದಲ್ಲಿ ಇನ್ನೂ ಸಿದ್ಧವಾಗಿರಲಿಲ್ಲವೆಂದು ಹೇಳಬೇಕಾಗುತ್ತದೆ.

ಇಲ್ಲಿ ಕಂಪನಿಯ ಪಕ್ಷದಲ್ಲಿ ಹೇಳಬೇಕಾದ ಒಂದು ಮಾತಿದೆ. ಅದನ್ನು ಮರೆಸಿದರೆ ಸಮೀಕ್ಷೆ ಸಮೀಕ್ಷೆಯಾಗದು. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸುರಕ್ಷಾ ಸಂಸ್ಥೆಗೆ 2019ರ ಸೆಪ್ಟೆಂಬರಿನಲ್ಲಿ ಒಂದು ಮನವಿ ಸಂದಿತು: ಈ ಅಪ್‌ಡೇಟು ವಾಸ್ತವವಾಗಿ ಒಂದು ಅಪಾಯಕಾರಿಯಾದ ದೋಷವನ್ನು ಮುಚ್ಚಿಡುವ ಉಪಾಯವಾಗಿದೆ, ವಿಚಾರಣೆ ನಡೆಸಿರಿ ಎಂದು. 2021ರ ಅಕ್ಟೋಬರಿನಲ್ಲಿ ಸಂಸ್ಥೆಯು ಮನವಿಯನ್ನು ತಿರಸ್ಕರಿಸಿತು. ಚೀನದಲ್ಲಿ ಉರಿದ ಕಾರುಗಳು ಫಾಸ್ಟ್ ಚಾರ್ಜಿಂಗ್ ಮುಗಿಸಿಕೊಂಡು, ಬ್ಯಾಟರಿ ಬಹುಮಟ್ಟಿಗೆ ತುಂಬಿರುವಾಗ ನಿಲ್ಲಿಸಲ್ಪಟ್ಟಿದ್ದುವೆಂದೂ, ಹಿಂದಿನಿಂದಲೂ ಕಠಿಣವಾದ ಬಳಕೆಗೆ ಒಳಗಾಗಿದ್ದುವೆಂದೂ, ಫಾಸ್ಟ್ ಚಾರ್ಜಿಂಗಿಗೆ ಸಂಬಂಧಿಸಿದ ಅಂಥ ಬೆಂಕಿ ಅಮೆರಿಕದಲ್ಲಿ ಸಂಭವಿಸಿಲ್ಲವೆಂದೂ, 2019ರ ಮೇ ತಿಂಗಳಿನಿಂದೀಚೆಗೆ ಲೋಕದಲ್ಲಿ ಎಲ್ಲಿಯೂ ಸಂಭವಿಸಿಲ್ಲವೆಂದೂ ಅದು ಕಾರಣ ಕೊಟ್ಟಿತು. ಮಿತಿಯನ್ನು ಇಳಿಸಿದ್ದರಿಂದಲೂ, ನಿಂತ ಕಾರಿನಲ್ಲಿಯೂ ತಂಪಿನ ವ್ಯವಸ್ಥೆಯನ್ನು ನಡೆಸಿದ್ದರಿಂದಲೂ ಪ್ರಾಯಶಃ ಕೆಲವು ಮನೆಗಳು ಉಳಿದಿರಬಹುದು. ಹಾಗಿದ್ದಲ್ಲಿ ಆ ಕಾರ್ಯ ಸ್ತುತ್ಯವೇ. ನನ್ನ ಆಕ್ಷೇಪಣೆ ಮಿತಿಯನ್ನು ಇಳಿಸಿದ್ದರ ಮೇಲಲ್ಲ. ಇಳಿಸಿದುದನ್ನು ಆ ಕಾರಿನ ಒಡೆಯನಿಗೆ ಅಂಕಿಯ ಸಮೇತ ಹೇಳದೆ ಇದ್ದದ್ದರ ಮೇಲೆ. ಕಾರು ಅಪಾಯದಲ್ಲಿದ್ದರೆ ಆ ಅಪಾಯವನ್ನು ತಿಳಿಯುವ ಮೊದಲ ಅಧಿಕಾರ ಅದನ್ನು ಮಲಗುವ ಕೋಣೆಯ ಕೆಳಗಿನ ಗ್ಯಾರೇಜಿನಲ್ಲಿ ನಿಲ್ಲಿಸುವವನದು. ಕಾರು ಅಪಾಯದಲ್ಲಿಲ್ಲದಿದ್ದರೆ ಅವನ ಮೂವತ್ತು ಮೈಲಿಗಳನ್ನು ತೆಗೆದುಕೊಳ್ಳಲು ಕಾರಣವೇ ಇರಲಿಲ್ಲ.

ಮಿತಿಯನ್ನು ತಗ್ಗಿಸುವುದರಿಂದಲೇ ದೋಷ ನಿವಾರಣೆಯಾಗುತ್ತದೆಂದು ನಂಬಿ ಕೆಟ್ಟ ಉದಾಹರಣೆಗಳೂ ಇವೆ. ಅವು ಟೆಸ್ಲಾದ ಪ್ರಕರಣಕ್ಕಿಂತ ಹೆಚ್ಚು ಗಂಭೀರವೆಂದು ನನ್ನ ಅಭಿಪ್ರಾಯ. ಜನರಲ್ ಮೋಟಾರ್ಸ್ ಕಂಪನಿಯು 2020ರ ನವೆಂಬರಿನಲ್ಲಿ 2017ರಿಂದ 2019ರವರೆಗಿನ ಷೆವರ್ಲೆ ಬೋಲ್ಟ್ ಕಾರುಗಳನ್ನು ಹಿಂದಕ್ಕೆ ಕರೆದು, ಚಾರ್ಜನ್ನು ಶೇಕಡ 90ಕ್ಕೆ ತಡೆಹಿಡಿಯುವ ಸಾಫ್ಟ್‌ವೇರನ್ನು ಅಳವಡಿಸಿತು. ಮುಂದಿನ ವರ್ಷ, ದೋಷವನ್ನು ಮೊದಲೇ ಪತ್ತೆಹಚ್ಚುವುದೆಂದು ಹೇಳಲಾದ ಹೊಸ ಸಾಫ್ಟ್‌ವೇರನ್ನು ಹಾಕಿ ಮಿತಿಯನ್ನು ತೆಗೆಯತೊಡಗಿತು. 2021ರ ಜುಲೈ ಆರಂಭದಲ್ಲಿ ವರ್ಮಾಂಟ್ ರಾಜ್ಯದ ಶಾಸಕರೊಬ್ಬರ ಮನೆಯ ಅಂಗಳದಲ್ಲಿ, ಆ ಪರಿಹಾರವನ್ನು ಪಡೆದಿದ್ದ ಕಾರೇ ಉರಿಯಿತು. ಕಾರಣವನ್ನು ಹುಡುಕಿದಾಗ ಎಲ್‌ಜಿ ಕಂಪನಿಯು ತಯಾರಿಸಿದ ಕೋಶಗಳಲ್ಲಿ ಒಂದು ಧ್ರುವದ ಪಟ್ಟಿ ಹರಿದಿರುವುದು ಮತ್ತು ಪೊರೆ ಮಡಚಿಕೊಂಡಿರುವುದು ಎಂಬ ಎರಡು ದೋಷಗಳು ಒಂದೇ ಕೋಶದಲ್ಲಿ ಕೂಡಿಬಂದರೆ ಬೆಂಕಿ ಹೊತ್ತುತ್ತದೆಂದು ತಿಳಿದುಬಂದಿತು. ಹರಿದ ಪಟ್ಟಿಯನ್ನು ಯಾವ ಸಾಫ್ಟ್‌ವೇರ್ ತಾನೆ ಹೊಲಿದೀತು? ಆಗಸ್ಟಿನಲ್ಲಿ, ಅದುವರೆಗೆ ತಯಾರಾದ ಬೋಲ್ಟ್ ಕಾರುಗಳನ್ನೆಲ್ಲ, ಒಟ್ಟು 1,40,000ಕ್ಕೂ ಮಿಕ್ಕಿ, ಹಿಂದಕ್ಕೆ ಕರೆಯಬೇಕಾಯಿತು. ಆ ನಡುವಿನ ತಿಂಗಳುಗಳಲ್ಲಿ ಒಡೆಯರಿಗೆ ಬಂದ ಸೂಚನೆಗಳನ್ನು ಸ್ವಲ್ಪ ಲಕ್ಷಿಸಿ ನೋಡಬೇಕು: ಶೇಕಡ 90ಕ್ಕಿಂತ ಮೇಲೆ ಚಾರ್ಜ್ ಮಾಡಬೇಡಿರಿ, 70 ಮೈಲಿಗಿಂತ ಕೆಳಗೆ ಇಳಿಯಗೊಡಬೇಡಿರಿ, ರಾತ್ರಿ ಮನೆಯೊಳಗೆ ಚಾರ್ಜಿಗೆ ಹಾಕಬೇಡಿರಿ, ಚಾರ್ಜ್ ಮುಗಿದೊಡನೆ ಕಾರನ್ನು ಬಯಲಿನಲ್ಲಿ ನಿಲ್ಲಿಸಿರಿ. ಮೇಲೊಂದು ಕಡಿತ, ಕೆಳಗೊಂದು ಕಡಿತ. ಕೊಂಡ ದೂರದಲ್ಲಿ ಉಳಿದದ್ದು ನಡುವಿನ ತುಂಡು ಮಾತ್ರ.

ಹ್ಯುಂಡೈ ಕೋನಾ ಕಾರಿನ ಕಥೆಯೂ ಇದೇ ಜಾಡಿನದು. 2020ರ ಅಕ್ಟೋಬರಿನಲ್ಲಿ ದಕ್ಷಿಣ ಕೊರಿಯದಲ್ಲಿ ಬ್ಯಾಟರಿ ನಿರ್ವಹಣೆಯ ಸಾಫ್ಟ್‌ವೇರನ್ನು ತಿದ್ದಿಕೊಟ್ಟರು. 2021ರ ಜನವರಿಯಲ್ಲಿ ಡೇಗು ನಗರದಲ್ಲಿ ಹಾಗೆ ತಿದ್ದಿಸಿಕೊಂಡ ಕಾರೊಂದು ಚಾರ್ಜಿಗೆ ಹಾಕಿದ್ದಾಗ ಹೊತ್ತಿಕೊಂಡಿತು. ಫೆಬ್ರವರಿಯಲ್ಲಿ ಲೋಕಾದ್ಯಂತ ಸುಮಾರು 82,000 ವಾಹನಗಳ ಬ್ಯಾಟರಿಯನ್ನೇ ಬದಲಿಸುವ ನಿರ್ಧಾರಕ್ಕೆ ಬರಬೇಕಾಯಿತು. ವೆಚ್ಚದ ಅಂದಾಜು ಒಂದು ಲಕ್ಷ ಕೋಟಿ ವಾನ್. ಜಾಗ್ವಾರ್ ಕಂಪನಿಯಂತೂ ಐ-ಪೇಸ್ ಎಂಬ ಕಾರಿಗೆ ಸಾಫ್ಟ್‌ವೇರಿನ ಪರಿಹಾರವನ್ನು ಹಾಕಿ, ಆ ಬಳಿಕವೂ ಬೆಂಕಿಗಳು ಸಂಭವಿಸಲಾಗಿ, ಚಾರ್ಜನ್ನು ಶೇಕಡ 80ಕ್ಕೆ ಮಿತಗೊಳಿಸಿ, ಕೊನೆಗೆ 2024ರಲ್ಲಿ ಅಮೆರಿಕದಲ್ಲಿದ್ದ 2019ನೆಯ ಮಾದರಿಯ 2,760 ಕಾರುಗಳನ್ನು ತಾನೇ ಹಿಂದಕ್ಕೆ ಕೊಂಡುಕೊಳ್ಳಲು ಮುಂದಾಯಿತು. ಈ ಮೂರು ಪ್ರಸಂಗಗಳಲ್ಲಿಯೂ ತಿದ್ದುಪಡಿ ಚಿಕಿತ್ಸೆಯಾಗಲಿಲ್ಲ, ಕಾಲಹರಣವಾಯಿತು. ಆ ಕಾಲವನ್ನು ಗ್ರಾಹಕನು ಮೊಟಕಾದ ರೇಂಜಿನ ರೂಪದಲ್ಲಿಯೂ ಭಯದ ರೂಪದಲ್ಲಿಯೂ ತೆತ್ತನು. ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಇವು ಸರ್ಕಾರದ ಗಮನಕ್ಕೆ ತಂದು, ‘ಹಿಂದಕ್ಕೆ ಕರೆಯುವಿಕೆ’ ಎಂಬ ಶಾಸನಬದ್ಧ ಕ್ರಮದಲ್ಲಿ, ಮಿತಿಯ ಅಂಕಿಯನ್ನು ಬಹಿರಂಗವಾಗಿ ಸಾರಿ ಮಾಡಿದ ಕಡಿತಗಳು. ಅದರಿಂದಲೇ ಕೊನೆಯಲ್ಲಿ ಬ್ಯಾಟರಿಯನ್ನೋ ಹಣವನ್ನೋ ಕೇಳಿ ಪಡೆಯಲು ಒಡೆಯರಿಗೆ ದಾರಿಯಿದ್ದಿತು.

ನಿಸ್ಸಾನ್ ಲೀಫ್ ಕಾರಿನ ಚರಿತ್ರೆ ಇದಕ್ಕೆ ಪ್ರತಿಮುಖವಾದದ್ದು. ಆಗಿನ ಆ ಕಾರುಗಳ ಬ್ಯಾಟರಿಗೆ ದ್ರವದಿಂದ ತಣಿಸುವ ಏರ್ಪಾಡೇ ಇರಲಿಲ್ಲ, ಗಾಳಿಯೇ ಗತಿಯಾಗಿದ್ದಿತು. 2012ರ ಹೊತ್ತಿಗೆ ಅರಿಜೋನದ ಮರುಭೂಮಿಯ ಬಿಸಿಲಿನಲ್ಲಿ ಒಂದೆರಡು ವರ್ಷಗಳಲ್ಲಿಯೇ ಬ್ಯಾಟರಿಗಳು ಬಾಡಿ, ಫಲಕದ ಹನ್ನೆರಡು ಗೆರೆಗಳು ಒಂದೊಂದಾಗಿ ಅಳಿಸಿಹೋಗತೊಡಗಿದುವು. ಕಂಪನಿಯು ಐದು ವರ್ಷ ಅಥವಾ 60,000 ಮೈಲಿಗಳೊಳಗೆ ಒಂಬತ್ತು ಗೆರೆಗಿಂತ ಕೆಳಗಿಳಿದರೆ ಸರಿಪಡಿಸಿಕೊಡುವ ಭರವಸೆಯನ್ನು ನೀಡಬೇಕಾಯಿತು. ಅದು ನಿಜವಾದ ಕ್ಷಯ. ಆದರೆ 2018ರಲ್ಲಿ ನ್ಯೂಜಿಲೆಂಡಿನ ಒಡೆಯರ ಕಾರುಗಳಿಂದ ಕಲೆಹಾಕಿದ ಅಂಕಿಗಳನ್ನು ಪರಿಶೀಲಿಸಿದಾಗ, 30 ಕಿಲೋವಾಟ್-ಗಂಟೆಯ ಲೀಫ್ ಬ್ಯಾಟರಿಗಳು ಹಳೆಯ 24ರವುಗಳಿಗಿಂತ ಎಷ್ಟೋ ಬೇಗ, ವರ್ಷಕ್ಕೆ ಸುಮಾರು ಶೇಕಡ 10ರಂತೆ, ಕುಂದುತ್ತಿರುವುದಾಗಿ ತೋರಿಬಂದಿತು. ಕಂಪನಿಯು ಬ್ಯಾಟರಿ ಸರಿಯಾಗಿಯೇ ಇದೆ, ಅಳೆಯುವ ಸಾಫ್ಟ್‌ವೇರೇ ತಪ್ಪಾಗಿ ಎಣಿಸುತ್ತಿದೆ ಎಂದು ಹೇಳಿ, ಅದೇ ವರ್ಷ ಒಂದು ತಿದ್ದುಪಡಿಯನ್ನು ಕೊಟ್ಟಿತು; ಅಳಿಸಿಹೋಗಿದ್ದ ಗೆರೆಗಳು ಮರಳಿದುವು. ಒಂದು ಕಡೆ ತಿದ್ದುಪಡಿಯಿಂದ ರೇಂಜ್ ಮಾಯವಾಗುತ್ತದೆ, ಮತ್ತೊಂದು ಕಡೆ ತಿದ್ದುಪಡಿಯಿಂದ ರೇಂಜ್ ಪ್ರತ್ಯಕ್ಷವಾಗುತ್ತದೆ. ಎರಡರಲ್ಲಿಯೂ ಒಡೆಯನಿಗೆ ಆಧಾರ ಫಲಕದ ಅಂಕಿ ಒಂದೇ, ಆ ಅಂಕಿಯನ್ನು ಬರೆಯುವವನು ಮಾರಿದವನೇ. ವಾದಿಯೂ ಸಾಕ್ಷಿಯೂ ಒಬ್ಬನೇ ಆದಲ್ಲಿ ನ್ಯಾಯಾಧೀಶನಿಗೆ ಮಾಡಲು ಉಳಿಯುವ ಕೆಲಸ ಅಲ್ಪ.

ತಂಪಿನ ವ್ಯವಸ್ಥೆಯನ್ನು ಸಾಫ್ಟ್‌ವೇರೇ ಕೆಡಿಸಿದ ಒಂದು ಸ್ಪಷ್ಟ ದೃಷ್ಟಾಂತ 2022ರ ಆರಂಭದ್ದು. ಟೆಸ್ಲಾದ ಹೊಸ ಕಾರುಗಳಲ್ಲಿ ಬ್ಯಾಟರಿ, ಮೋಟಾರು, ಒಳಾಂಗಣ ಈ ಮೂರರ ಉಷ್ಣವನ್ನೂ ಒಂದೇ ಹೀಟ್ ಪಂಪಿನಿಂದ ಸರಿದೂಗಿಸುವ ಜಾಣ್ಮೆಯ ಏರ್ಪಾಡಿದೆ. ಚಳಿಗಾಲದಲ್ಲಿ ರೇಂಜನ್ನು ಉಳಿಸುವುದರಲ್ಲಿ ಅದರ ಉಪಕಾರ ದೊಡ್ಡದು. 2021ರ ಡಿಸೆಂಬರಿನ ಒಂದು ಅಪ್‌ಡೇಟಿನಲ್ಲಿ ನುಸುಳಿದ ತಪ್ಪಿನಿಂದಾಗಿ ಆ ಪಂಪಿನ ಒಂದು ಕವಾಟ ತೆರೆಯಬಾರದಾಗ ತೆರೆದು, ಶೀತಕ ದ್ರವ್ಯವು ಒಂದೆಡೆಯಲ್ಲಿ ಸಿಕ್ಕಿಬಿದ್ದು, ಕೊರೆಯುವ ಚಳಿಯಲ್ಲಿ ಗಾಜಿನ ಮಂಜನ್ನು ಕರಗಿಸುವಷ್ಟೂ ಶಾಖ ಬಾರದೆ ಹೋಯಿತು. ಅಮೆರಿಕದಲ್ಲಿ 26,681 ಕಾರುಗಳನ್ನು ಹಿಂದಕ್ಕೆ ಕರೆಯುವ ಪ್ರಕಟಣೆ ಹೊರಟಿತು. ಪರಿಹಾರವೂ ಅಂತರ್ಜಾಲದ ಮೂಲಕವೇ ಬಂದಿತು. ಬೇಗ ಬಂದಿತೆಂಬುದನ್ನು ಒಪ್ಪಬೇಕು. ಕಾರ್ಯಾಗಾರಕ್ಕೆ ಒಯ್ದು ತಿದ್ದುವ ಹಳೆಯ ಪದ್ಧತಿಯಲ್ಲಿ ಅಷ್ಟು ಕಾರುಗಳಿಗೆ ತಿಂಗಳುಗಳೇ ಹಿಡಿಯುತ್ತಿದ್ದುವು. ದೂರದಿಂದ ತಿದ್ದುವ ಶಕ್ತಿ ಕೆಟ್ಟದ್ದೆಂದು ಯಾವ ವಿವೇಕಿಯೂ ಹೇಳಲಾರನು.

ಈ ಶಕ್ತಿಯ ಪೂರ್ವೇತಿಹಾಸದಲ್ಲಿ ಬೆಂಗಳೂರಿಗೂ ಒಂದು ಸ್ಥಾನವಿದೆಯೆಂಬುದು ಬಹಳ ಜನರಿಗೆ ನೆನಪಿಲ್ಲ. ಚೇತನ್ ಮೈನಿಯವರ ರೇವಾ ಕಂಪನಿಯು, 2001ರಲ್ಲಿ ಸೀಸದ ಬ್ಯಾಟರಿಯ ಪುಟ್ಟ ಕಾರನ್ನು ಬೀದಿಗಿಳಿಸಿದ ಸಂಸ್ಥೆ, 2009ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ‘ರಿವೈವ್’ ಎಂಬ ಹೊಸ ಸೌಕರ್ಯವನ್ನು ಪ್ರಕಟಿಸಿತು. ಬ್ಯಾಟರಿಯ ಶಕ್ತಿಯಲ್ಲಿ ಒಂದು ಪಾಲನ್ನು ಸಾಫ್ಟ್‌ವೇರು ಆಪದ್ಧನವಾಗಿ ತೆಗೆದಿರಿಸುವುದು. ದಾರಿಯಲ್ಲಿ ಚಾರ್ಜ್ ಮುಗಿದು ನಿಂತವನು ಫೋನು ಮಾಡಿದರೆ ಅಥವಾ ಸಂದೇಶ ಕಳುಹಿಸಿದರೆ, ಕೇಂದ್ರದಿಂದಲೇ ಆ ಪಾಲನ್ನು ಬಿಡಿಸಿಕೊಡುವುದು. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತಕ್ಕೆ ಅಂಜಿ ಫ್ಲಾರಿಡದ ಜನ ಊರು ಬಿಟ್ಟು ಹೊರಟಾಗ, ಕಡಮೆ ಬೆಲೆಗೆ ಮಾರಿದ ತನ್ನ ಕಾರುಗಳಲ್ಲಿ ಬೀಗ ಹಾಕಿಟ್ಟಿದ್ದ ಬ್ಯಾಟರಿಯ ಭಾಗವನ್ನು ಟೆಸ್ಲಾ ತಾತ್ಕಾಲಿಕವಾಗಿ ದೂರದಿಂದಲೇ ತೆರೆದುಕೊಟ್ಟಿತು. ಇವೆರಡೂ ಉಪಕಾರದ ಕೆಲಸಗಳೇ. ಆದರೆ ತೆರೆಯಬಲ್ಲ ಕೈ ಮುಚ್ಚಲೂ ಬಲ್ಲದು. ರೇವಾದ ಗ್ರಾಹಕನಿಗೆ ತನ್ನ ಬ್ಯಾಟರಿಯಲ್ಲಿ ಒಂದು ಪಾಲು ಮೀಸಲಾಗಿದೆಯೆಂಬುದು ಕೊಳ್ಳುವಾಗಲೇ ತಿಳಿದಿರುತ್ತಿತ್ತು, 2019ರ ಟೆಸ್ಲಾ ಗ್ರಾಹಕನಿಗೆ ತಿಳಿದಿರಲಿಲ್ಲ.

ಕಾನೂನು ನಿಧಾನವಾಗಿಯಾದರೂ ಹಿಂಬಾಲಿಸಿ ಬರುತ್ತಿದೆ. ವಿಶ್ವಸಂಸ್ಥೆಯ ಯೂರೋಪ್ ಆರ್ಥಿಕ ಆಯೋಗದ ಆಶ್ರಯದಲ್ಲಿ 2020ರಲ್ಲಿ ಅಂಗೀಕೃತವಾದ ಆರ್156 ಎಂಬ ನಿಯಮವು, ವಾಹನಕ್ಕೆ ಅಪ್‌ಡೇಟು ಹಾಕುವ ಮೊದಲು ಅದರ ಉದ್ದೇಶವನ್ನೂ ಅದರಿಂದ ವಾಹನದ ಕಾರ್ಯಗಳಲ್ಲಾಗುವ ಬದಲಾವಣೆಗಳನ್ನೂ ಬಳಕೆದಾರನಿಗೆ ತಿಳಿಸತಕ್ಕದ್ದೆಂದು ವಿಧಿಸುತ್ತದೆ. ಯೂರೋಪಿನ ಒಕ್ಕೂಟದಲ್ಲಿ 2024ರ ಜುಲೈನಿಂದ ಹೊಸ ಕಾರುಗಳೆಲ್ಲಕ್ಕೂ ಅದು ಅನ್ವಯಿಸುತ್ತದೆ. 2022ರಲ್ಲಿ ಬಂದ ಜಾಗತಿಕ ತಾಂತ್ರಿಕ ನಿಯಮ 22ರಂತೆ ಕಾರಿನ ಬ್ಯಾಟರಿಯು ಐದು ವರ್ಷ ಅಥವಾ 1,00,000 ಕಿಲೋಮೀಟರಿನವರೆಗೆ ಶೇಕಡ 80ರಷ್ಟನ್ನೂ, ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನವರೆಗೆ ಶೇಕಡ 70ರಷ್ಟನ್ನೂ ಉಳಿಸಿಕೊಂಡಿರಬೇಕು. ಆ ನಿಯಮದ ಗುಣವೆಂದರೆ ಬಳಸಬಹುದಾದ ಶಕ್ತಿಯನ್ನು ಅದು ಲೆಕ್ಕಕ್ಕೆ ಹಿಡಿಯುವುದು. ರಸಾಯನದಿಂದ ನಶಿಸಿದರೂ ಆಜ್ಞೆಯಿಂದ ಬೀಗ ಬಿದ್ದರೂ ಗ್ರಾಹಕನ ಪಾಲಿಗೆ ನಷ್ಟ ಒಂದೇ ಎಂಬ ನ್ಯಾಯ ಅಲ್ಲಿ ಅಡಗಿದೆ. ಯೂರೋಪಿನ 2023ರ ಬ್ಯಾಟರಿ ಕಾಯಿದೆಯು ಬ್ಯಾಟರಿಯ ಆರೋಗ್ಯಸ್ಥಿತಿಯ ವಿವರಗಳನ್ನು ಅದನ್ನು ಕೊಂಡವನು ಓದಿಕೊಳ್ಳಲು ಸಾಧ್ಯವಿರಬೇಕೆನ್ನುತ್ತದೆ. 2027ರ ಫೆಬ್ರವರಿ 18ರಿಂದ ಮಾರುಕಟ್ಟೆಗೆ ಬರುವ ಕಾರಿನ ಬ್ಯಾಟರಿಗಳಿಗೆ ಒಂದೊಂದು ಡಿಜಿಟಲ್ ಪಾಸ್‌ಪೋರ್ಟನ್ನೂ ಕಡ್ಡಾಯಮಾಡುತ್ತದೆ.

ನಮ್ಮಲ್ಲಿ ಏನಿದೆ? 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ ಸೇರಿದ 110ಎ ಪ್ರಕರಣವು ದೋಷಯುಕ್ತ ವಾಹನಗಳನ್ನು ಹಿಂದಕ್ಕೆ ಕರೆಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆದರೆ ಆ ದೋಷ ಪರಿಸರಕ್ಕೋ ಚಾಲಕನಿಗೋ ಪ್ರಯಾಣಿಕರಿಗೋ ರಸ್ತೆಯ ಇತರರಿಗೋ ಹಾನಿಮಾಡುವಂಥದ್ದಾಗಿರಬೇಕು. 2022ರಲ್ಲಿ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಸರಣಿಯ ನಂತರ ಎಐಎಸ್-156 ಮತ್ತು ಎಐಎಸ್-038 ಎಂಬ ಮಾನಕಗಳನ್ನು ಬಿಗಿಗೊಳಿಸಿದರು. ಅವು ಕೂಡ ಬೆಂಕಿಯ ಭಯಕ್ಕೆ ಉತ್ತರಗಳು, ಮೊಟಕಾದ ರೇಂಜಿಗಲ್ಲ. ಉಳಿಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ವಸ್ತುವಿನ ಗುಣಮಟ್ಟದಲ್ಲಿ, ಪ್ರಮಾಣದಲ್ಲಿ, ಸಾಮರ್ಥ್ಯದಲ್ಲಿ ಬರುವ ಕೊರತೆಯನ್ನೂ ದೋಷವೆಂದೇ ಎಣಿಸುವ ಆ ಕಾಯಿದೆಯ ವ್ಯಾಖ್ಯೆಯೊಳಗೆ, ಅಪ್‌ಡೇಟಿನ ಮರುದಿನ ಕುಗ್ಗಿದ ರೇಂಜು ಸೇರುತ್ತದೆಂದೇ ನನ್ನ ತಿಳಿವಳಿಕೆ. ಜಾಗತಿಕ ನಿಯಮ 22 ರೂಪುಗೊಂಡ 1998ರ ಒಡಂಬಡಿಕೆಗೆ ಭಾರತವೂ ಸಹಿ ಹಾಕಿದ ದೇಶವಾದ್ದರಿಂದ, ಅದರ ಬಾಳಿಕೆಯ ಮಿತಿಗಳನ್ನು ಇಲ್ಲಿಯೂ ಶಾಸನವಾಗಿಸಲು ದಾರಿ ಮುಕ್ತವಾಗಿದೆ. ಇದು ತ್ವರೆಯ ಕೆಲಸವೆಂದು ನಾನು ಭಾವಿಸುತ್ತೇನೆ. ಕಲಬುರಗಿ ರಾಯಚೂರುಗಳಲ್ಲಿ ಬೇಸಗೆಯ ಮಧ್ಯಾಹ್ನ ಉಷ್ಣಮಾನ 42 ಡಿಗ್ರಿಯನ್ನು ಮೀರುವುದು ವಿಶೇಷವಲ್ಲ. ಅಲ್ಲಿ ತಂಪಿನ ಆಜ್ಞೆಯಲ್ಲಾಗುವ ಸಣ್ಣ ಬದಲಾವಣೆಯೂ ಓಸ್ಲೋದ ಚಳಿಯಲ್ಲಿ ಆಗುವುದಕ್ಕಿಂತ ಬೇರೆ ರೀತಿಯಲ್ಲಿ, ಹೆಚ್ಚು ಖಾರವಾಗಿ, ಅನುಭವಕ್ಕೆ ಬರುತ್ತದೆ. 2017ರಲ್ಲಿಯೇ, ದೇಶದಲ್ಲಿ ಮೊದಲಿಗೆ, ವಿದ್ಯುತ್ ವಾಹನಗಳ ನೀತಿಯನ್ನು ಹೊರಡಿಸಿದ ರಾಜ್ಯ ನಮ್ಮದು. ಬೆಂಗಳೂರಿನ ಮಹಾನಗರ ಸಾರಿಗೆ ಸಂಸ್ಥೆಯು ವಿದ್ಯುತ್ ಬಸ್ಸುಗಳನ್ನು ಕಿಲೋಮೀಟರಿಗೆ ಇಷ್ಟು ಎಂಬ ಕರಾರಿನ ಮೇಲೆ ಓಡಿಸುವುದರಿಂದ, ಅಲ್ಲಿ ಬ್ಯಾಟರಿ ಸೊರಗಿದರೆ ಆ ಹೊರೆ ಬಸ್ಸಿನ ಒಡೆತನವಿರುವ ಗುತ್ತಿಗೆದಾರನ ಮೇಲೆ ಬೀಳುತ್ತದೆ. ದೊಡ್ಡ ಗಿರಾಕಿಗೆ ಇರುವ ಈ ರಕ್ಷಣೆ ಒಂದೇ ಕಾರನ್ನು ಸಾಲ ಮಾಡಿ ಕೊಂಡ ಸಂಸಾರಿಗೆ ಇಲ್ಲ.

ಕಾಯಿದೆ ಬರುವವರೆಗೆ ಒಡೆಯನು ಮಾಡಬಹುದಾದದ್ದು ಇಷ್ಟು. ಅಪ್‌ಡೇಟಿಗೆ ಒಪ್ಪಿಗೆ ಕೊಡುವ ಮುನ್ನ, ಬ್ಯಾಟರಿ ಶೇಕಡ 20ರಲ್ಲಿರುವಾಗ ಮನೆಯ ಮೀಟರಿನ ಅಂಕಿಯನ್ನು ಬರೆದುಕೊಂಡು, ಪೂರ್ಣ ಚಾರ್ಜಾದ ಮೇಲೆ ಮತ್ತೊಮ್ಮೆ ಬರೆದುಕೊಳ್ಳಬೇಕು. ಎಷ್ಟು ಯೂನಿಟ್ ಹಿಡಿಯಿತು, ಫಲಕ ಎಷ್ಟು ಕಿಲೋಮೀಟರ್ ತೋರಿಸಿತು, ಆ ದಿನದ ಸೆಕೆ ಎಷ್ಟು, ಓಡೋಮೀಟರ್ ಎಷ್ಟು ಎಂಬುದನ್ನು ದಿನಾಂಕ ಸಮೇತ ಗುರುತಿಸಿ, ಫಲಕದ ಒಂದು ಚಿತ್ರವನ್ನೂ ತೆಗೆದಿಟ್ಟುಕೊಳ್ಳಬೇಕು. ಅಪ್‌ಡೇಟಾದ ವಾರದಲ್ಲಿ, ಅದೇ ಹವೆಯಲ್ಲಿ, ಅದನ್ನೇ ಪುನಃ ಮಾಡಬೇಕು. ಮೀಟರು ವಿದ್ಯುತ್ ಸರಬರಾಜು ಕಂಪನಿಯದು, ಕಾರಿನ ಕಂಪನಿಯ ಆಜ್ಞೆಗೆ ಒಳಪಟ್ಟದ್ದಲ್ಲ; ಎರಡು ಬಾರಿಯ ಯೂನಿಟ್ಟುಗಳಲ್ಲಿ ಹತ್ತಕ್ಕೆ ಒಂದರ ಅಂತರ ಕಂಡುಬಂದರೆ, ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಇಡಲು ಆ ಹಾಳೆ ಸಾಕಾದ ಮೊದಲ ಸಾಕ್ಷ್ಯವಾಗುತ್ತದೆ.